ನಾಯಿಯೂ ವಿಮಾನವೂ

ಸಾಹಿತ್ಯದ ಮಾಸಪತ್ರಿಕೆಯಲ್ಲಿ ನಾಯಿಯ ಪ್ರಸ್ತಾಪವೇಕೆಂದು ವಾಚಕಮಹಾಶಯರಲ್ಲಿ ಕೆಲವರಾದರೂ ಹುಬ್ಬುಗಂಟಿಕ್ಕಬಹುದು. ಅವರಿಗೆ ನನ್ನ ಸಮಾಧಾನವಿಷ್ಟೆ: ನಮ್ಮ ಮಹಾಭಾರತದ ಮೊದಲಲ್ಲಿಯೂ ನಾಯಿಯುಂಟು, ಕೊನೆಯಲ್ಲಿಯೂ ನಾಯಿಯುಂಟು. ಯಜ್ಞಶಾಲೆಯ ಬಳಿಗೆ ಬಂದ ಸರಮೆಯ ಮರಿಯನ್ನು ಜನಮೇಜಯನ ತಮ್ಮಂದಿರು ತಪ್ಪಿಲ್ಲದೆ ಹೊಡೆದರು. ತಾಯಿ ಬಂದು ಕಾರಣವನ್ನು ಕೇಳಿದಾಗ ಅವರ ಬಾಯಿಂದ ಉತ್ತರವೇ ಹೊರಡಲಿಲ್ಲ. ಇತ್ತ ಮಹಾಪ್ರಸ್ಥಾನದಲ್ಲಿ, ಹೆಂಡತಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ದಾರಿಯಲ್ಲಿ ಬಿದ್ದುಹೋದಮೇಲೆ, ಧರ್ಮರಾಯನ ಹಿಂದೆ ಉಳಿದದ್ದು ಒಂದು ನಾಯಿ. ಇಂದ್ರನು ರಥವನ್ನು ತಂದು ನಿಲ್ಲಿಸಿ, ನಾಯಿಯನ್ನು ಬಿಟ್ಟು ಹತ್ತೆಂದನು. ನಂಬಿ ಬಂದುದನ್ನು ಬಿಟ್ಟು ಹತ್ತಲೊಲ್ಲೆನೆಂದು ಧರ್ಮರಾಯನು ನೆಲದಮೇಲೆಯೇ ನಿಂತನು. ನಾಯಿಗೂ ಆಕಾಶಯಾನಕ್ಕೂ ನಡುವೆ ಮೊದಲು ಹುಟ್ಟಿದ ತಕರಾರು ಇದೇ ಇರಬೇಕು. ಆ ತಕರಾರು ಎರಡು ವರ್ಷಗಳ ಹಿಂದೆ ಹಾಸನದಲ್ಲಿರುವ ನನ್ನ ಮನೆಯ ಹೊಸ್ತಿಲಿಗೂ ಬಂದಿತು.

ನಾನು ಪ್ರೌಢಶಾಲೆಯಲ್ಲಿ ಕನ್ನಡವನ್ನು ಕಲಿಸಿ ನಿವೃತ್ತನಾದವನು. ನಾಯಿ ಸಾಕುವ ಹಂಬಲ ನನಗೆ ಎಂದೂ ಇರಲಿಲ್ಲ. ಅದು ನನ್ನ ಹೆಂಡತಿಯದು. ಮಗಳು ಮದುವೆಯಾಗಿ ದೆಹಲಿಗೆ ಹೊರಟುಹೋದ ವರ್ಷ ಆಕೆ ಎಲ್ಲಿಂದಲೋ ಒಂದು ಪಗ್ ಜಾತಿಯ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು, ಗುಂಡನೆಂದು ಹೆಸರಿಟ್ಟಳು. ಯಾರೋ ಹೆಬ್ಬೆರಳಿನಿಂದ ಒಳಕ್ಕೊತ್ತಿದಂತಹ ಮೂಗು, ಹೊರಕ್ಕೆ ಉಬ್ಬಿದ ಕಣ್ಣು, ಸದಾ ಯಾವುದೋ ಸಾಲದ ಚಿಂತೆಯಲ್ಲಿರುವವನ ಹಣೆಯಂತೆ ಸುಕ್ಕುಸುಕ್ಕಾದ ಹಣೆ. ಅದು ಎಚ್ಚರವಾಗಿದ್ದಾಗ ಗುರುಗುಟ್ಟಿಕೊಂಡೇ ಉಸಿರಾಡುತ್ತಿತ್ತು. ಮಲಗಿದರೆ ನನ್ನ ಗೊರಕೆಯನ್ನೂ ಮೀರಿಸುತ್ತಿತ್ತು. ಆಕೆ ತೀರಿಕೊಂಡಮೇಲೆ ಆ ಮನೆಯಲ್ಲಿ ನನ್ನದಲ್ಲದ ಉಸಿರಿನ ಸದ್ದು ಕೇಳಿಸುತ್ತಿದ್ದುದು ಅದರದೊಂದೇ. ಒಮ್ಮೆ ಅದನ್ನು ನೆರೆಮನೆಯಲ್ಲಿ ಬಿಟ್ಟು ಊರಿಗೆ ಹೋಗಿದ್ದೆನು. ನಾನು ಹಿಂದಿರುಗುವವರೆಗೆ, ಮೂರು ದಿನ, ಅದು ಅನ್ನವನ್ನು ಮುಟ್ಟಲಿಲ್ಲವಂತೆ. ಅಂದಿನಿಂದ ಅದನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಹೀಗಿರಲು ಮಗಳಿಗೆ ದಿನ ತುಂಬುತ್ತ ಬಂದಿತು. ವೈದ್ಯರು ಮೇ ತಿಂಗಳ ನಡುವಿನ ದಿನಗಳನ್ನು ಹೇಳಿದ್ದರು. ತಾಯಿಯಿಲ್ಲದ ಹುಡುಗಿ, "ಅಪ್ಪ, ನೀವಾದರೂ ಬಂದು ಇರಿ" ಎಂದಳು. ಅಳಿಯನು ಉತ್ಸಾಹಶಾಲಿ. "ಮಾವ, ದೇವನಹಳ್ಳಿಯಲ್ಲಿ ಹತ್ತಿದರೆ ಮೂರು ಗಂಟೆಯೊಳಗೆ ದೆಹಲಿ. ನೀವು ಮೇಲೆ, ಗುಂಡ ಕೆಳಗೆ. ಇದಕ್ಕೇಕೆ ಯೋಚನೆ?" ಎಂದನು. ನಾನು ಅನುಮಾನಿಸಲು ಅಂಕಿಗಳನ್ನೇ ಮುಂದಿಟ್ಟನು. ಅಮೆರಿಕದಲ್ಲಿ ವಿಮಾನಸಂಸ್ಥೆಗಳು ಪ್ರಯಾಣದಲ್ಲಿ ಸತ್ತ, ಗಾಯಗೊಂಡ, ಕಳೆದುಹೋದ ಪ್ರಾಣಿಗಳ ಲೆಕ್ಕವನ್ನು 2005ರಿಂದ ಸರ್ಕಾರಕ್ಕೆ ಒಪ್ಪಿಸಬೇಕೆಂಬ ನಿಯಮವಿದೆ. 2017ರ ಲೆಕ್ಕದಲ್ಲಿ ಅಲ್ಲಿ ಸಾಗಿಸಿದ ಪ್ರಾಣಿಗಳು 5,06,994; ಸತ್ತವು 24. "ಹತ್ತು ಸಾವಿರಕ್ಕೆ ಒಂದೂ ಇಲ್ಲ, ಮಾವ" ಎಂದನು ಅಳಿಯ. ಲೆಕ್ಕದಲ್ಲಿ ನಾನು ಎಂದೂ ಚುರುಕಲ್ಲ, ಒಪ್ಪಿಕೊಂಡೆನು.

ಪೆಟ್ಟಿಗೆಯನ್ನು ತರಿಸಿದೆವು. ವಿಮಾನದಲ್ಲಿ ಪ್ರಾಣಿಯನ್ನು ಕಳುಹಿಸುವ ಪೆಟ್ಟಿಗೆಗೆ ಅಂತರರಾಷ್ಟ್ರೀಯ ವಿಮಾನಸಂಸ್ಥೆಗಳ ಸಂಘವು ಗೊತ್ತುಮಾಡಿದ ಕಟ್ಟಳೆಗಳಿವೆ. ನಾಯಿಯು ಅದರೊಳಗೆ ತಲೆ ತಾಗದಂತೆ ನಿಲ್ಲಬೇಕು, ಸುತ್ತ ತಿರುಗಬೇಕು, ಸಹಜವಾಗಿ ಕಾಲುಚಾಚಿ ಮಲಗಬೇಕು. ಗಾಳಿಯಾಡಲು ಕಿಂಡಿಗಳಿರಬೇಕು, ತಳವು ಸೋರಬಾರದು, ನೀರಿನ ಬಟ್ಟಲನ್ನು ಬಾಗಿಲು ತೆರೆಯದೆ ಹೊರಗಿನಿಂದಲೇ ತುಂಬುವಂತಿರಬೇಕು, 'ಜೀವಂತ ಪ್ರಾಣಿ' ಎಂಬ ಚೀಟಿಯೂ, ಯಾವುದು ಮೇಲ್ಭಾಗವೆಂದು ತೋರುವ ಬಾಣದ ಗುರುತೂ ಇರಬೇಕು. ನಮ್ಮ ಊರಿನ ಬಸ್ಸುಗಳಲ್ಲಿ ಮನುಷ್ಯರಿಗೂ ಇಷ್ಟು ಅನುಕೂಲವನ್ನು ಯಾರೂ ವಿಧಿಸಿಲ್ಲವೆಂದು ನಾನು ನಕ್ಕೆನು. ಗುಂಡನಿಗೆ ನಗೆ ಬರಲಿಲ್ಲ. ಮೊದಲ ವಾರ ಅದು ಪೆಟ್ಟಿಗೆಯನ್ನು ದೂರದಿಂದ ಸುತ್ತಿ ಬೊಗಳಿತು. ಎರಡನೆಯ ವಾರ ಒಳಗೆ ನನ್ನ ಹೆಂಡತಿಯ ಹಳೆಯ ಸೀರೆಯೊಂದನ್ನು ಹಾಸಿದೆನು. ಅಂದಿನ ರಾತ್ರಿ ಅದು ತಾನಾಗಿಯೇ ಒಳಹೊಕ್ಕು ಮಲಗಿತು. ತಿಂಗಳೊಪ್ಪತ್ತಿನಲ್ಲಿ ಬಾಗಿಲು ಮುಚ್ಚಿದರೂ ಸುಮ್ಮನಿರುವುದನ್ನು ಕಲಿತಿತು. ಅದರ ನಂಬಿಕೆಯನ್ನು ಹೀಗೆ ಸೀರೆಯ ವಾಸನೆಯಿಂದ ಕೊಂಡುಕೊಂಡೆನೆಂದು ಆಗ ನನಗೆ ಹೊಳೆಯಲಿಲ್ಲ.

ಯುಗಾದಿಗೆ ನನ್ನ ಹಳೆಯ ಶಿಷ್ಯನೊಬ್ಬನು ನಮಸ್ಕಾರಕ್ಕೆಂದು ಬಂದನು. ಆತನು ವಿಮಾನನಿಲ್ದಾಣದಲ್ಲಿ ಸಾಮಾನುಗಳನ್ನು ಏರಿಸಿ ಇಳಿಸುವ ವಿಭಾಗದಲ್ಲಿ ಕೆಲಸಕ್ಕಿರುವವನು. ಮೂಲೆಯಲ್ಲಿದ್ದ ಪೆಟ್ಟಿಗೆಯನ್ನು ಕಂಡು, "ಯಾವ ತಿಂಗಳಲ್ಲಿ ಹೊರಡುತ್ತೀರಿ, ಮೇಷ್ಟ್ರೇ?" ಎಂದು ಕೇಳಿದನು. ಮೇ ಎಂದೆನು. ಆತನು ಕೈಯಲ್ಲಿದ್ದ ಬೇವುಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದನು.

ವಿಮಾನದ ಹೊಟ್ಟೆಯೊಳಗೆ ಗಾಳಿಯೇ ಇರುವುದಿಲ್ಲ, ಚಳಿಯಿಂದ ನಾಯಿ ಹೆಪ್ಪುಗಟ್ಟುತ್ತದೆ ಎಂದು ಕೆಲವರು ನನ್ನನ್ನು ಹೆದರಿಸಿದ್ದರು. ಹಾಗಲ್ಲವೆಂದು ಆತನು ತಿಳಿಸಿದನು. ಪ್ರಯಾಣಿಕರ ವಿಮಾನದಲ್ಲಿ ಮೇಲಿನ ಕೋಣೆಗೆ ಎಷ್ಟು ಗಾಳಿಯೊತ್ತಡವಿದೆಯೋ ಕೆಳಗಿನ ಸಾಮಾನಿನ ಕೋಣೆಗೂ ಅಷ್ಟೇ ಇರುತ್ತದೆ. ಪ್ರಾಣಿಗಳನ್ನಿಡುವ ಭಾಗದಲ್ಲಿ ಶೀತೋಷ್ಣವನ್ನು ಹದದಲ್ಲಿಡುವ ಏರ್ಪಾಡಿರುತ್ತದೆ. ಜೀವಂತ ಪ್ರಾಣಿಯಿದೆಯೆಂದು ವಿಮಾನ ನಡೆಸುವವರಿಗೆ ಬರಹದಲ್ಲಿ ತಿಳಿಸುತ್ತಾರೆ. "ಆಕಾಶಕ್ಕೆ ಹೆದರಬೇಡಿ, ಮೇಷ್ಟ್ರೇ, ನೆಲಕ್ಕೆ ಹೆದರಿ" ಎಂದನು. ವಿಮಾನ ಹೊರಡುವ ಮುನ್ನ ಪೆಟ್ಟಿಗೆಯು ಕಟ್ಟಡದಿಂದ ಬಂಡಿಗೆ, ಬಂಡಿಯಿಂದ ವಿಮಾನದ ಮಗ್ಗುಲಿಗೆ ಬರಬೇಕು. ಅಲ್ಲಿ ನೆರಳಿಲ್ಲ, ಕೆಳಗೆ ಕಾದ ಕಾಂಕ್ರೀಟು, ಸುತ್ತ ಯಂತ್ರಗಳ ಬಿಸಿಯುಸಿರು, ಕಿವಿ ಕಿವುಡಾಗುವ ಸದ್ದು. ವಿಮಾನ ತಡವಾದರೆ ಕಾಯಬೇಕು. ಒಳಗೆ ಸೇರಿಸಿದಮೇಲೂ ವಿಮಾನ ನಿಂತಿರುವಷ್ಟು ಹೊತ್ತು ಹಾರುವಾಗಿನಂತೆ ಗಾಳಿಯಾಡುವುದಿಲ್ಲ. ಅಮೆರಿಕದ ಕಟ್ಟಳೆಯು, 29.5 ಡಿಗ್ರಿಗಿಂತ ಹೆಚ್ಚಿನ ಬಿಸಿಲಲ್ಲಿ ಪ್ರಾಣಿಯನ್ನು ಹೀಗೆ ಸಾಗಿಸುವಾಗ 45 ನಿಮಿಷವನ್ನು ಮೀರಬಾರದೆಂದು ಹೇಳುತ್ತದೆ. ಮೇ ತಿಂಗಳ ದೆಹಲಿಯಲ್ಲಿ 40 ಡಿಗ್ರಿಯೆಂಬುದು ಯಾರೂ ಮಾತಿಗೆ ತೆಗೆಯದ ಸಾಮಾನ್ಯ ಸಂಗತಿ. "ನಮ್ಮವರು ಕೆಟ್ಟವರಲ್ಲ, ಮೇಷ್ಟ್ರೇ. ಆದರೆ ಒಂದು ವಿಮಾನಕ್ಕೆ ನೂರಾರು ಪೆಟ್ಟಿಗೆ, ಅದರಲ್ಲಿ ಉಸಿರಾಡುವುದು ಒಂದೇ" ಎಂದು ಹೇಳಿ ಆತನು ಎದ್ದನು.

ಪ್ರಯಾಣಕ್ಕೆ ಆರೋಗ್ಯಪತ್ರ ಬೇಕಾಗಿತ್ತು. ಪಶುವೈದ್ಯರಲ್ಲಿಗೆ ಹೋದೆನು. ಅವರು ಗುಂಡನ ಎದೆಗೆ ಕೊಳವೆಯನ್ನಿಟ್ಟು ಕೇಳಿ, ಬಾಯಿಯನ್ನು ತೆರೆಸಿ ನೋಡಿ, ಪತ್ರಕ್ಕೆ ಬದಲಾಗಿ ನನಗೆ ಒಂದು ಪಾಠವನ್ನು ಕೊಟ್ಟರು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನಲ್ಲಿ ಅಷ್ಟಿಷ್ಟು. ಅದರ ತಂಪೆಲ್ಲ ಉಸಿರಿನಲ್ಲಿ. ನಾಲಗೆಯನ್ನು ಹೊರಚಾಚಿ ಏದುವಾಗ ಬಾಯಿ ಮೂಗುಗಳ ತೇವವು ಆರಿ ರಕ್ತವು ತಣಿಯುತ್ತದೆ. ಉದ್ದ ಮೂಗಿನ ನಾಯಿಗೆ ಈ ತಣಿಸುವ ಯಂತ್ರ ಉದ್ದವಾಗಿದೆ. ಪಗ್, ಬುಲ್‌ಡಾಗ್ ಮೊದಲಾದವನ್ನು, ಮುಖ ಚೆನ್ನಾಗಿ ಕಾಣಲೆಂದು, ಮನುಷ್ಯನು ತಲೆಮಾರುಗಳಿಂದ ಆರಿಸಿ ಆರಿಸಿ ಮೊಂಡುಮೂಗಿನವನ್ನಾಗಿ ಮಾಡಿದ್ದಾನೆ. ತಲೆಯೋಡು ಗಿಡ್ಡವಾಯಿತು; ಒಳಗಿನ ಮೆದು ಅಂಗುಳು ಗಿಡ್ಡವಾಗಲಿಲ್ಲ. ಅದು ಗಂಟಲಿಗೆ ಅಡ್ಡಬೀಳುತ್ತದೆ. ಹೊಳ್ಳೆಗಳು ಸೀಳಿನಂತೆ ಕಿರಿದಾಗಿರುತ್ತವೆ. ಹೆದರಿದರೆ ಏದುತ್ತದೆ, ಏದಿದಷ್ಟೂ ಗಂಟಲು ಊದುತ್ತದೆ, ಊದಿದಷ್ಟೂ ಗಾಳಿ ಕಡಿಮೆಯಾಗಿ ಮೈ ಕಾಯುತ್ತದೆ. ನಾವು ಮುದ್ದೆನ್ನುವ ಆ ಗೊರಕೆಯು ಅದರ ಕಷ್ಟದ ಸದ್ದು.

"ನಿಮ್ಮ ಅಳಿಯಂದಿರು ಹೇಳಿದ ಲೆಕ್ಕ ಸುಳ್ಳಲ್ಲ, ಮೇಷ್ಟ್ರೇ" ಎಂದರು ವೈದ್ಯರು. "ಆದರೆ ಅದು ಎಲ್ಲ ಪ್ರಾಣಿಗಳ ಲೆಕ್ಕ. ಅದೇ ಅಮೆರಿಕ ಸರ್ಕಾರವು 2010ರಲ್ಲಿ, ಹಿಂದಿನ ಐದು ವರ್ಷಗಳಲ್ಲಿ ವಿಮಾನಗಳಲ್ಲಿ ಸತ್ತ 122 ನಾಯಿಗಳ ಜಾತಿಗಳನ್ನು ಪ್ರಕಟಿಸಿತು. ಹೆಚ್ಚುಕಡಿಮೆ ಅರ್ಧದಷ್ಟು ಮೊಂಡುಮೂಗಿನವು. ಬುಲ್‌ಡಾಗ್ 25, ಪಗ್ 11." ನಾನು ಸುಮ್ಮನೆ ಕುಳಿತೆನು. ನನ್ನ ಕೈಯಲ್ಲಿದ್ದುದು ಎಲ್ಲ ಪ್ರಾಣಿಗಳೂ ಅಲ್ಲ, ಗುಂಡನೊಬ್ಬನೆಂಬ ಸಾಧಾರಣ ಸತ್ಯವು ಆಗ ಮನಸ್ಸಿಗೆ ನಾಟಿತು.

ನಿದ್ದೆಯ ಗುಳಿಗೆಯನ್ನು ಕೊಟ್ಟು ಮಲಗಿಸಿಬಿಟ್ಟರೆ ಹೇಗೆಂದು ಕೇಳಿದೆನು. ನೆರೆಯವರೊಬ್ಬರು ಹೇಳಿಕೊಟ್ಟಿದ್ದ ಉಪಾಯವದು. ವೈದ್ಯರು ಕೈಮುಗಿದುಬಿಟ್ಟರು. ಅಮಲು ರಕ್ತದ ಒತ್ತಡವನ್ನು ಇಳಿಸುತ್ತದೆ. ಮೈಯ ಬಿಸಿಯನ್ನು ಹದಮಾಡಿಕೊಳ್ಳುವ ಶಕ್ತಿಯನ್ನು ಕುಗ್ಗಿಸುತ್ತದೆ. ಪೆಟ್ಟಿಗೆ ಅಲುಗಿದಾಗ ನಾಯಿಯು ಕಾಲೂರಿ ನಿಲ್ಲಲಾರದು. ಉಸಿರು ಕಟ್ಟಿದರೆ ಕೂಗಲೂ ಆರದು. ಅಮೆರಿಕದ ಪಶುವೈದ್ಯರ ಸಂಘವೂ ವಿಮಾನಪ್ರಯಾಣಕ್ಕೆ ಅಮಲುಮದ್ದನ್ನು ಕೊಡಬಾರದೆಂದೇ ಸಲಹೆ ಮಾಡುತ್ತದೆ. "ಅದು ಶಾಂತವಾಗಿದೆ ಎಂದು ನಿಮಗೆ ಕಾಣುತ್ತದೆ, ಅಷ್ಟೆ" ಎಂದರು ವೈದ್ಯರು.

ಇಷ್ಟು ಕೇಳಿದಮೇಲೂ ನಾನು ಬುದ್ಧಿವಂತನಾಗಲಿಲ್ಲ. ಮಗಳ ದಿನಗಳು ಹತ್ತಿರವಾಗುತ್ತಿದ್ದವು. ನಾನು ಮೊದಲು ವಿಚಾರಿಸಿದ ವಿಮಾನಸಂಸ್ಥೆಯವರು ಮೊಂಡುಮೂಗಿನ ನಾಯಿಗಳನ್ನು ಕೆಳಗಿನ ಕೋಣೆಯಲ್ಲಿ ಸಾಗಿಸುವುದಿಲ್ಲವೆಂದು ಹೇಳಿಬಿಟ್ಟರು. ಮೇಲೆ, ಪ್ರಯಾಣಿಕರೊಡನೆ ಕರೆದೊಯ್ಯಲು ಚೀಲವೂ ಸೇರಿ ಏಳು ಕಿಲೋ ಮೀರಬಾರದಾಗಿತ್ತು. ನನ್ನ ಹೆಂಡತಿಯು ಉಣಿಸಿ ಬೆಳೆಸಿದ ಗುಂಡನು ಒಂಬತ್ತು ಕಿಲೋ. ಆಗ ಬೆಂಗಳೂರಿನಲ್ಲಿ ಇಂತಹ ಪ್ರಯಾಣಗಳನ್ನು ಏರ್ಪಡಿಸುವ ಮಧ್ಯವರ್ತಿಯೊಬ್ಬನು ಸಿಕ್ಕಿದನು. ಎಲ್ಲವನ್ನೂ ಕೇಳಿಕೊಂಡು, "ಸಾರ್, ಜಾತಿ ಎಂಬಲ್ಲಿ ಮಿಶ್ರತಳಿ ಎಂದು ಬರೆದರಾಯಿತು" ಎಂದನು.

"ಮುಖ ನೋಡಿದರೆ ತಿಳಿಯುವುದಿಲ್ಲವೇ?" ಎಂದೆನು.

"ಮುಖ ನೋಡುವವರು ಬೇರೆ, ಕಾಗದ ನೋಡುವವರು ಬೇರೆ, ಸಾರ್" ಎಂದನು ಆತ, ನಗುತ್ತ.

ಮೂವತ್ತು ವರ್ಷ ಮಕ್ಕಳಿಗೆ ಸತ್ಯಹರಿಶ್ಚಂದ್ರನ ಕಥೆಯನ್ನು ಪಾಠಮಾಡಿದ ನಾನು ಆ ಕಾಗದಕ್ಕೆ ರುಜುಮಾಡಿದೆನು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆದರೆ ಬರೆಯದಿದ್ದರೆ ಈ ಪ್ರಬಂಧಕ್ಕೆ ಅರ್ಥವಿಲ್ಲ. ಕೆಳಗೆ, ಪ್ರಯಾಣದಲ್ಲಿ ಏನು ಸಂಭವಿಸಿದರೂ ಹೊಣೆ ನನ್ನದೇ ಎಂಬ ಒಂದು ಸಾಲಿತ್ತು. ಅದಕ್ಕೂ ರುಜುಮಾಡಿದೆನು. ಕಾಗದವನ್ನು ಮರುದಿನ ಅಂಚೆಗೆ ಹಾಕಬೇಕಾಗಿತ್ತು.

ಏಪ್ರಿಲ್ ತಿಂಗಳ ಆ ರಾತ್ರಿ ವಿದ್ಯುತ್ತು ಹೋಯಿತು. ಬೀಸಣಿಗೆ ನಿಂತಿತು. ಎಲೆಯೂ ಅಲುಗದ ಸೆಕೆ. ಗುಂಡನು ಅಭ್ಯಾಸದಂತೆ ಪೆಟ್ಟಿಗೆಯೊಳಗೆ ಸೀರೆಯಮೇಲೆ ಮಲಗಿದ್ದಿತು. ಮೊದಲು ಗೊರಕೆ ನಿಂತಿತು. ಅನಂತರ ಏದುಸಿರು ಮೊದಲಾಯಿತು. ನಾನು ಹಾಸಿಗೆಯಲ್ಲಿ ಎದ್ದು ಕುಳಿತು ಕತ್ತಲೆಯಲ್ಲಿ ಅದನ್ನು ಕೇಳುತ್ತಿದ್ದೆನು. ಬಾಗಿಲು ತೆರೆದೇ ಇತ್ತು. ಯಂತ್ರಗಳ ಸದ್ದಿಲ್ಲ, ಬಂಡಿಯ ಅಲುಗಾಟವಿಲ್ಲ, ನಾನು ಎರಡು ಮಾರಿನ ದೂರದಲ್ಲಿದ್ದೇನೆ. ಆದರೂ ಉಸಿರು ಗರಗಸದಂತೆ ಕೊರೆಯುತ್ತಿತ್ತು. ದೀಪ ಹಚ್ಚಿ ನೋಡಿದೆನು. ನಾಲಗೆಯು ಪೂರಾ ಹೊರಬಂದಿತ್ತು. ಒದ್ದೆ ಬಟ್ಟೆಯಿಂದ ಹೊಟ್ಟೆಯನ್ನೂ ಅಂಗಾಲುಗಳನ್ನೂ ಒರಸಿದೆನು, ತಣ್ಣೀರು ಕುಡಿಸಿದೆನು, ಜಗಲಿಗೆ ಎತ್ತಿಕೊಂಡು ಹೋಗಿ ಕುಳಿತೆನು. ಅರ್ಧ ಗಂಟೆಗೆ ಸುಧಾರಿಸಿತು.

ಜಗಲಿಯಲ್ಲಿ ಕುಳಿತವನಿಗೆ ಲೈಕಾ ಎಂಬ ನಾಯಿಯ ನೆನಪಾಯಿತು. 1957ರ ನವೆಂಬರ್ 3ರಂದು ರಷ್ಯದವರು ಅದನ್ನು ಸ್ಪುಟ್ನಿಕ್ 2ರಲ್ಲಿ ಕೂರಿಸಿ ಆಕಾಶಕ್ಕೆ ಕಳುಹಿಸಿದರು. ಹಿಂದಿರುಗಿ ತರುವ ಏರ್ಪಾಡೇ ಇರಲಿಲ್ಲ. ಅದು ಕೆಲವು ದಿನ ಸುಖವಾಗಿದ್ದು ಸತ್ತಿತೆಂದೇ ಲೋಕವು ಬಹುಕಾಲ ನಂಬಿತ್ತು. ಏರಿದ ಕೆಲವೇ ಗಂಟೆಗಳಲ್ಲಿ ಅತಿಯಾದ ಬಿಸಿಯಿಂದ ಸತ್ತಿತೆಂಬುದು 2002ರಲ್ಲಿ ಹೊರಬಿದ್ದಿತು. ಅದನ್ನು ಕಳುಹಿಸಿದವರಿಗೆ ವಿಜ್ಞಾನದ ಹೆಸರಾದರೂ ಇತ್ತು. ನನಗಿದ್ದುದು ನನ್ನ ಅನುಕೂಲ. ಹೊಣೆ ನನ್ನದೆಂದು ನಾನು ಬರೆದುಕೊಡಬಲ್ಲೆನು. ಆದರೆ ನಿಲ್ಲುವ ಉಸಿರು ನನ್ನದಲ್ಲ. ನಾಯಿಯಿಂದ ಯಾರೂ ರುಜು ಕೇಳಿರಲಿಲ್ಲ. ಅದು ತನ್ನ ಒಪ್ಪಿಗೆಯನ್ನು ಕೊಟ್ಟಿದ್ದುದು ಸೀರೆಯಮೇಲೆ ಮಲಗಿ.

ಧರ್ಮರಾಯನ ರಥವು ನೆಲದಿಂದ ನಾಲ್ಕು ಬೆರಳು ಮೇಲೆಯೇ ನಡೆಯುತ್ತಿದ್ದಿತೆಂದೂ, ದ್ರೋಣನಿಗೆ ಅರ್ಧಸುಳ್ಳನ್ನು ಹೇಳಿದೊಡನೆ ಅದು ನೆಲಕ್ಕಿಳಿಯಿತೆಂದೂ ಭಾರತವು ಹೇಳುತ್ತದೆ. ನಾನು ತರಗತಿಯಲ್ಲಿ ಅದನ್ನು ಹಲವು ಬಾರಿ ವಿವರಿಸಿದ್ದೇನೆ. 'ಮಿಶ್ರತಳಿ' ಎಂಬುದು ಅಂತಹದೇ ಮಾತು. ಬೆಳಗ್ಗೆ ಕಾಗದವನ್ನು ಹರಿದು ಒಲೆಗೆ ಹಾಕಿದೆನು.

ಉಳಿದದ್ದು ರೈಲು. ಹವಾನಿಯಂತ್ರಿತ ಮೊದಲ ದರ್ಜೆಯಲ್ಲಿ ಇಬ್ಬರು ಮಲಗುವ ಪುಟ್ಟ ಕೋಣೆಯನ್ನು ಪೂರ್ತಿಯಾಗಿ ಹಿಡಿದರೆ ನಾಯಿಯನ್ನು ಜೊತೆಯಲ್ಲಿಟ್ಟುಕೊಳ್ಳಲು ರೈಲ್ವೆಯವರು ಬಿಡುತ್ತಾರೆ. ಅದರ ಬಾಡಿಗೆಯನ್ನು ಪಾರ್ಸೆಲ್ ಕಛೇರಿಯಲ್ಲಿ ಕಟ್ಟಬೇಕು. ಅಣ್ಣನ ಮಗನು ಜೊತೆಗೆ ಬರಲೊಪ್ಪಿದನು. ಆದರೆ ಬೇಸಗೆಯ ರಜೆ. ಕೋಣೆ ಸಿಕ್ಕುವುದು ತಡವಾಯಿತು. ಅಂತೂ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ಎರಡು ರಾತ್ರಿಗಳ ಪ್ರಯಾಣ. ಗುಂಡನು ತಣ್ಣನೆಯ ಕೋಣೆಯಲ್ಲಿ ಗೊರಕೆಹೊಡೆಯುತ್ತ ಬಂದಿತು. ಸೊಲ್ಲಾಪುರದ ಪ್ಲಾಟ್‌ಫಾರಮ್ಮಿನಲ್ಲಿ ಇಳಿದು ಒಂದು ಕಂಬಕ್ಕೆ ಕನ್ನಡನಾಡಿನ ವಂದನೆಯನ್ನು ಸಲ್ಲಿಸಿತು. ದೆಹಲಿಯನ್ನು ತಲುಪಿದಾಗ ನನ್ನ ಮೊಮ್ಮಗಳು ಹುಟ್ಟಿ ನಾಲ್ಕು ದಿನಗಳಾಗಿದ್ದವು.

ಮಗಳು ಕಣ್ಣು ತುಂಬಿಕೊಂಡಳು. "ಅಮ್ಮ ಇದ್ದಿದ್ದರೆ ನಾಯಿಯನ್ನು ಬಿಟ್ಟಾದರೂ ಬರುತ್ತಿದ್ದಳು, ಅಪ್ಪ" ಎಂದಳು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಧರ್ಮರಾಯನಿಗೆ ಆ ಹೊತ್ತಿಗೆ ಹೆಂಡತಿಮಕ್ಕಳಾರೂ ಉಳಿದಿರಲಿಲ್ಲ; ಆದುದರಿಂದ ಅವನ ನಿರ್ಣಯ ಸುಲಭವಾಗಿತ್ತೆಂದು ನನಗೆ ಈಚೆಗೆ ತೋರುತ್ತಿದೆ.

ಇಷ್ಟನ್ನು ಓದಿ, ನಾಯಿಯನ್ನು ವಿಮಾನದಲ್ಲಿ ಕಳುಹಿಸುವುದೇ ಪಾಪವೆಂದು ವಾಚಕರು ತಿಳಿಯಬಾರದು. ಅಳಿಯನ ಲೆಕ್ಕವು ಸುಳ್ಳಲ್ಲವೆಂದು ವೈದ್ಯರೇ ಒಪ್ಪಿದರಷ್ಟೆ. ಹೊಟ್ಟೆಪಾಡಿಗಾಗಿ ಸಮುದ್ರವನ್ನು ದಾಟುವ ನಮ್ಮ ಮಕ್ಕಳು ನಾಯಿಯನ್ನು ಬೀದಿಪಾಲುಮಾಡುವುದಕ್ಕಿಂತ ಕರೆದೊಯ್ಯುವುದು ಎಷ್ಟೋ ಮೇಲು. ಮೂಗುದ್ದದ, ಗಟ್ಟಿಮುಟ್ಟಾದ, ಪೆಟ್ಟಿಗೆಗೆ ಒಗ್ಗಿದ ನಾಯಿಯು ತಂಪುಕಾಲದಲ್ಲಿ, ನಡುವೆ ಬದಲಾಯಿಸದ ನೇರ ವಿಮಾನದಲ್ಲಿ ಹೋಗಿ ಸುಖವಾಗಿ ಇಳಿಯುತ್ತದೆ. ಬೇಸಗೆಯಾದರೆ ನಸುಕು ಅಥವಾ ರಾತ್ರಿಯ ವಿಮಾನವನ್ನೇ ಆರಿಸಬೇಕು. ಬಟ್ಟಲಿನ ನೀರನ್ನು ಹಿಂದಿನ ರಾತ್ರಿಯೇ ಹೆಪ್ಪುಗಟ್ಟಿಸಿಟ್ಟರೆ ಚೆಲ್ಲದೆ ಮೆಲ್ಲಗೆ ಕರಗಿ ಒದಗುತ್ತದೆ. ಪೆಟ್ಟಿಗೆಯ ಬಾಗಿಲೂ ಜೋಡಣೆಯೂ ಭದ್ರವಾಗಿರಬೇಕು. ಬೆದರಿ ಪೆಟ್ಟಿಗೆಯನ್ನು ಮುರಿದು ಓಡಿಹೋದ ನಾಯಿಗಳೂ ಉಂಟು. ಹತ್ತುವಾಗ ಸಿಬ್ಬಂದಿಯವರನ್ನು ಕಂಡು, ನನ್ನ ನಾಯಿ ಕೆಳಗೆ ಸೇರಿತೇ ಎಂದು ಸಂಕೋಚವಿಲ್ಲದೆ ಕೇಳಬೇಕು.

ಜೊತೆಯಲ್ಲೇ ಇದ್ದರೆ ಕ್ಷೇಮವೆಂದೂ ಮೈಮರೆಯಲಾಗದು. 2018ರ ಮಾರ್ಚಿನಲ್ಲಿ ಅಮೆರಿಕದ ಹೂಸ್ಟನ್ನಿನಿಂದ ನ್ಯೂಯಾರ್ಕಿಗೆ ಹೋಗುತ್ತಿದ್ದ ವಿಮಾನದಲ್ಲಿ, ಸಿಬ್ಬಂದಿಯ ಸೂಚನೆಯಂತೆ ತಲೆಯಮೇಲಿನ ಸಾಮಾನಿನ ಗೂಡಿಗೆ ಸೇರಿಸಿದ ಚಿಕ್ಕ ಫ್ರೆಂಚ್ ಬುಲ್‌ಡಾಗ್ ಒಂದು ಅಲ್ಲೇ ಸತ್ತಿತು. ಅದರ ಮನೆಯವರು ಅದರ ಕೆಳಗೇ ಕುಳಿತಿದ್ದರು. ಸಮವಸ್ತ್ರ ತೊಟ್ಟವರು ಹೇಳಿದಮೇಲೆ ಸರಿಯಿರಬೇಕೆಂದು ನಾವೆಲ್ಲರೂ ತಲೆಯಾಡಿಸುವೆವು. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆನೋ ಏನೋ. ಕಟ್ಟಳೆಯ ಪುಸ್ತಕವನ್ನಾಗಲಿ ಸಮವಸ್ತ್ರವನ್ನಾಗಲಿ ನಾಯಿಯು ನಂಬುವುದಿಲ್ಲ; ಅದು ನಂಬುವುದು ಬಾಗಿಲು ಮುಚ್ಚುವ ಕೈಯನ್ನು.

ಆ ಪೆಟ್ಟಿಗೆಯು ಈಗಲೂ ದೆಹಲಿಯಲ್ಲಿ ಮಗಳ ಮನೆಯ ಮೂಲೆಯಲ್ಲಿದೆ. ಬಾಗಿಲನ್ನು ಕಳಚಿಹಾಕಿದ್ದೇನೆ. ಮುದಿಯಾದ ಗುಂಡನು ಮಧ್ಯಾಹ್ನವೆಲ್ಲ ಅದರೊಳಗೆ, ಅದೇ ಸೀರೆಯಮೇಲೆ ಮಲಗಿರುತ್ತದೆ. ಮೊಮ್ಮಗಳು ಅಂಬೆಗಾಲಿಕ್ಕತೊಡಗಿದ ದಿನದಿಂದ ಅವಳಿಗೂ ಅದೇ ಮನೆ. ಮೊನ್ನೆ ಮಗಳು ಬಂದು ನೋಡಿ, ಇಬ್ಬರೂ ನಿದ್ದೆಹೋಗಿರುವುದನ್ನು ಕಂಡು, ಏನನ್ನೂ ಹೇಳದೆ ಬೀಸಣಿಗೆಯನ್ನು ಆ ಕಡೆಗೆ ತಿರುಗಿಸಿಟ್ಟು ಹೋದಳು.